ಬೇಲಿ ನೋಡುವ ಮಾವ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಬೇಲಿ ನೆನಪಿರುತ್ತಿತ್ತು! ಉತ್ಪ್ರೇಕ್ಷೆ ಅಂದುಕೊಂಡಿರಾ? ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಸ್ವಂತ ಷಡ್ಡಕ ಎದುರಿಗೆ ಬಂದು ನಕ್ಕರೆ, "ಯಾವೂರಾತ್ರಿ ತಮ್ದು?" ಎಂದು ಕೇಳಿದ ಮಹಾನುಭಾವ ಅವನು. ಷಡ್ಡಕ ಮುಖ ಗಂಟು ಹಾಕಿಕೊಂಡು "ಇರಕಲ್ಲಗಡ" ಎಂದ. ಮಾವನ ಮುಖ ಅರಳಿತು.

"ಹಾಂ, ಮುಂದ ಕಳ್ಳಿ, ಹಿಂದ ಲಂಟಾನ. ಈಗ ಗುರ್ತು ಸಿಕ್ಕತು ನೋಡ್ರಿ. ಆ ಲಂಟಾನ ಇನ್ನೂ ಕಿತ್ತಿಲ್ಲೇನು?"

ಷಡ್ಡಕ ಎರಡು ವರ್ಷ ಮಾವನ ಮನೆಯ ಕಡೆ ಹಾಯಲಿಲ್ಲ. ಲಂಟಾನವನ್ನೂ ಕೀಳಲಿಲ್ಲ.

ಮಾವ ಯಲಬುರ್ಗಾದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಸರಕಾರ ಅವನಿಗೆ ಸಂಬಳ ಕೊಡುತ್ತಿದ್ದದ್ದು ಔಷಧಿ ಕಲಸುವುದಕ್ಕೆ. ಅವನು ಮಾಡುತ್ತಿದ್ದದ್ದು ಬೇಲಿಯ ವಿಚಾರಣೆ. ಯಾರಾದರೂ ಎಮ್ಮೆ ಹೊಡೆದುಕೊಂಡು ಬಂದು, "ಎಮ್ಮಿ ಮೂರು ದಿನದಿಂದ ಮೇವು ಮುಟ್ಟಿಲ್ರಿ" ಎಂದರೆ, "ಅದು ಆಮ್ಯಾಲ ನೋಡೂಣು. ಬೇಲಿಗೆ ಏನು ಹಚ್ಚೀರಿ?" ಎನ್ನುತ್ತಿದ್ದ. ಎಮ್ಮೆಯೂ ಅದರ ಮಾಲೀಕನೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈ ಪ್ರಶ್ನೆಯನ್ನು ಅಣಕಿಸಿ ನಾವು ಮಕ್ಕಳೆಲ್ಲ ವರ್ಷಗಟ್ಟಲೆ ನಕ್ಕಿದ್ದೇವೆ. ನನಗೆ ನೆಗಡಿ ಬಂದರೂ ನಮ್ಮ ಮನೆಯಲ್ಲಿ ಮೊದಲು ಕೇಳುತ್ತಿದ್ದದ್ದು, ಬೇಲಿಗೆ ಏನು ಹಚ್ಚೀರಿ ಅಂತ!

ಯಾವ ಗಿಡವನ್ನೂ ಅವನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹೂ ಚೆಂದ ಇದೆಯೋ, ವಾಸನೆ ಇದೆಯೋ, ಅದೆಲ್ಲ ಅವನಿಗೆ ಬೇಕಿರಲಿಲ್ಲ. ಅವನದು ಎರಡೇ ಪ್ರಶ್ನೆ. "ಮಗ್ಗಲ ಗಿಡಕ್ಕ ಕೂಡಾಕ ಜಾಗ ಕೊಡತೈತೇನು? ಹೋಗು ಅಂದರ ಹೋಗತೈತೇನು?" ನಮ್ಮ ಅತ್ತೆ, ಅಂದರೆ ಅವನ ಹೆಂಡತಿ, ಇದನ್ನು ಕೇಳಿ ಕೇಳಿ ಬೇಸತ್ತು, "ಮಗ್ಗಲದವರಿಗೆ ಜಾಗ ಕೊಡಂಗಿಲ್ಲ, ಹೋಗು ಅಂದರ ಹೋಗಂಗಿಲ್ಲ, ಅಂಥಾದ್ದು ನಮ್ಮನ್ಯಾಗ ಒಂದ ಐತಿ, ಕಂಪೌಂಡರ್ ಕೆಲಸ ಮಾಡತೈತಿ" ಎನ್ನುತ್ತಿದ್ದಳು. ಆಕೆಯ ದೂರಿನಲ್ಲಿ ಸತ್ಯವಿತ್ತು. ಕನ್ಯೆ ನೋಡಲು ಹೋದ ದಿನ ಮಾವ ಅವರ ಹಿತ್ತಲಿನಲ್ಲಿ ಒಂದು ತಾಸು ಕಳೆದು ಬಂದು, "ಕರಿಬೇವು, ದಾಸವಾಳ, ನಿಂಬಿ. ಛಲೋ ಮನಿತನ" ಎಂದು ಒಪ್ಪಿಗೆ ಕೊಟ್ಟಿದ್ದನಂತೆ. ಅತ್ತೆಯ ಮುಖವನ್ನು ಅವನು ಸರಿಯಾಗಿ ನೋಡಿದ್ದು ಅಕ್ಕಿಕಾಳು ಬಿದ್ದ ಮೇಲೆ.

ಅವರ ಓಣಿಯ ಮಾಸ್ತರರ ಹೆಂಡತಿ ಒಂದು ಸಲ ಗಂಗಾವತಿಯ ತಂಗಿಯ ಮನೆಯಿಂದ ಬಕೆಟ್ಟಿನಲ್ಲಿ ಅಂತರಗಂಗೆ ತಂದು, ಹಿತ್ತಲಿನ ನೀರಿನ ಹೊಂಡಕ್ಕೆ ಬಿಟ್ಟರು. ನೀಲಿ ಹೂವು ನೋಡಲು ಓಣಿಯ ಹೆಂಗಸರೆಲ್ಲ ಬಂದರು. ಮಾವನೂ ಹೋಗಿ ನೋಡಿ, "ಬಾಯಾರ, ಇದು ನಿಮ್ಮನ್ನ ಮನಿ ಬಿಡಸತೈತಿ" ಎಂದ. ಬಾಯಾರು ಮುಖ ತಿರುಗಿಸಿದರು. ಎರಡು ತಿಂಗಳಲ್ಲಿ ನೀರು ಕಾಣದಂತಾಯಿತು, ಕೊಡ ಮುಳುಗದಂತಾಯಿತು. ಕೊನೆಗೊಂದು ದಿನ ಅವರ ಎಮ್ಮೆ ಅದನ್ನು ಹುಲ್ಲುಗಾವಲು ಎಂದು ನಂಬಿ ನಡೆದುಕೊಂಡು ಹೋಯಿತು! ಎಮ್ಮೆಯನ್ನು ಎತ್ತಲು ಎಂಟು ಜನ ಬೇಕಾಯಿತು. ಮಾವ ಹೊಂಡ ಪೂರ್ತಿ ಬಳಿದು ಹಸನು ಮಾಡಿದ. ಮರುದಿನ ಎಲ್ಲಿಂದಲೋ ಬಿಳಿ ನೈದಿಲೆಯ ಗಡ್ಡೆ ತಂದು ಬಿಟ್ಟು, "ಇದು ನಾಕು ಎಲಿ ಹರವಿ ಸುಮ್ಮ ಕೂಡತೈತಿ. ಹೋಗು ಅಂದರ ಹೋಗತೈತಿ" ಎಂದು ಹೇಳಿ ಬಂದ.

ಅವನ ನೇಮ ಅದು. ಒಂದು ಗಿಡ ಕಿತ್ತರೆ ಆ ಜಾಗಕ್ಕೆ ಇನ್ನೊಂದನ್ನು ಕೊಡಲೇಬೇಕು. ಕುಷ್ಟಗಿಯಲ್ಲಿ ಒಂದು ಮದುವೆಗೆ ಹೋದವನು ಊಟದ ಪಂಕ್ತಿಯಿಂದ ಮಾಯವಾದ. ಹುಡುಕಿದರೆ ಪಕ್ಕದ ಮನೆಯ ಹಿತ್ತಲಿನಲ್ಲಿ, ಪರಿಚಯವೇ ಇಲ್ಲದವರ ಲಂಟಾನ ಕೀಳುತ್ತ ನಿಂತಿದ್ದಾನೆ. ಮನೆಯ ಯಜಮಾನ ಅವನ ರಟ್ಟೆ ಹಿಡಿದು "ಕಳ್ಳ, ಕಳ್ಳ" ಎನ್ನುತ್ತಿದ್ದಾನೆ. ಮಾವ ನಿಧಾನವಾಗಿ, "ಕಳ್ಳ ಆದಾಂವ ಏನರ ಒಯ್ಯಬೇಕಲ್ರಿ. ನಾ ಕಿತ್ತಿದ್ದೆಲ್ಲಾ ಇಲ್ಲೇ ಐತಿ. ಮ್ಯಾಲ ಎರಡು ದಾಸವಾಳದ ಟೊಂಗಿ ಕೊಟ್ಟೀನಿ. ನೀರು ಹಾಕ್ರಿ" ಎಂದ. ಆ ಟೊಂಗೆಗಳನ್ನು ಅವನು ಮದುವೆಯ ಮನೆಯಿಂದಲೇ ಮುರಿದಿದ್ದ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಇಲ್ಲಿಯವರೆಗೆ ನಗುವುದಕ್ಕೆ ನನಗೇನೂ ಅಡ್ಡಿಯಿರಲಿಲ್ಲ. ಈ ಹುಚ್ಚು ನನ್ನ ಲಗ್ನಕ್ಕೇ ಅಡ್ಡ ಬಂದಾಗ ಮಾತ್ರ ನಗು ನಿಂತಿತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಗಂಗಾವತಿಯ ಆಚೆ ಕಾಲುವೆಯ ಮಗ್ಗುಲಿನ ಒಂದು ಊರಿಂದ ವರ ಬಂದಿತ್ತು. ಹೈಸ್ಕೂಲಿನಲ್ಲಿ ಮಾಸ್ತರ. ನನ್ನನ್ನು ನೋಡಲು ಬಂದ ಆ ಮಾಸ್ತರರು ಅವ್ವ ಕೊಟ್ಟ ಮಂಡಕ್ಕಿ ಸುಸಲಾವನ್ನು ಎರಡು ಸಲ ಹಾಕಿಸಿಕೊಂಡು, ಮೂರನೆಯ ಸಲ ಯಾರೂ ಕೇಳದಿದ್ದಾಗ ತಾವೇ ತಟ್ಟೆ ಮುಂದೆ ಮಾಡಿದರು. ನನಗೆ ಆ ಮನುಷ್ಯ ಬಹಳ ಹಿಡಿಸಿದರು. ಹೆಣ್ಣು ನೋಡಲು ಬಂದು ಇಷ್ಟು ನೆಮ್ಮದಿಯಾಗಿ ತಿನ್ನುವವರ ಜೊತೆ ಬಾಳುವುದು ಕಷ್ಟವಾಗಲಾರದು ಅಂತ ನನ್ನ ಲೆಕ್ಕ. ಅವರ ಕಡೆಯಿಂದಲೂ ಒಪ್ಪಿಗೆ ಬಂತು. ಉಳಿದದ್ದು ನಮ್ಮವರು ಹೋಗಿ ಅವರ ಮನೆ ನೋಡಿ ಬರುವ ಶಾಸ್ತ್ರವೊಂದೇ.

ಹೋದವರು ಅಪ್ಪ, ಅತ್ತೆ ಮತ್ತು ಮಾವ. ಅಪ್ಪ ಬಾವಿ ನೋಡಿದ, ಎತ್ತು ನೋಡಿದ, ಭತ್ತದ ಗದ್ದೆ ನೋಡಿ ತಲೆದೂಗಿದ. ಅತ್ತೆ ಅಡುಗೆಮನೆ ನೋಡಿ ಬೆಳಕು ಚೆನ್ನಾಗಿದೆ ಅಂದಳು. ಮಾವ ಎಲ್ಲಿ? ಹಿತ್ತಲಿನಲ್ಲಿ! ಅಲ್ಲಿಂದ ಬಂದವನ ಮುಖ ಕಪ್ಪಿಟ್ಟಿತ್ತಂತೆ. ಮನೆಯ ಸುತ್ತ ಬೇಲಿಯೆಲ್ಲ ಬೇಶರಂ ಗಿಡ. ಕಾಲುವೆಯ ದಂಡೆಯ ಮೇಲೆ ಕಡ್ಡಿ ಒಗೆದರೂ ಚಿಗುರುವ, ತಿಳಿಗುಲಾಬಿ ಹೂವಿನ, ಉರ್ದು ಬಾರದವರೂ ನಾಚಿಕೆಗೆಟ್ಟದ್ದು ಎಂಬ ಬೈಗುಳದ ಹೆಸರಿಂದಲೇ ಕರೆಯುವ ಗಿಡ. ಬೀಗರಾಗುವವರು ಚಹಾದ ಬಸಿ ಮುಂದಿಟ್ಟು, "ಏನರ ಹೇಳೂದು ಐತೇನ್ರಿ?" ಎಂದು ಸಂಪ್ರದಾಯಕ್ಕೆ ಕೇಳಿದರು.

"ಒಂದ ಐತ್ರಿ," ಅಂದ ಮಾವ. "ಆ ಬೇಲಿ ಕೀಳ್ರಿ. ಅಲ್ಲೀಮಟ ಮಾತು ಮುಂದ ಹೋಗಂಗಿಲ್ಲ."

ಗಂಡಿನ ಕಡೆಯವರು ಷರತ್ತು ಹಾಕುವುದನ್ನು ನಾವೆಲ್ಲ ಕಂಡಿದ್ದೇವೆ. ಹೆಣ್ಣಿನ ಸೋದರಮಾವ ಗಂಡಿನ ಮನೆಯ ಬೇಲಿ ಕೀಳಿಸುವ ಷರತ್ತು ಹಾಕಿದ್ದು ನಮ್ಮ ಸೀಮೆಯಲ್ಲಿ ಅದೇ ಮೊದಲಿರಬೇಕು. ಹುಡುಗನ ಅಪ್ಪ, "ನಲವತ್ತು ಮಾರು ಬೇಲಿ. ನಮ್ಮ ಕೈಯಾರ ಹಚ್ಚಿದ್ದು. ನೀವು ಮನಿ ನೋಡಾಕ ಬಂದೀರೋ, ಕೆಡವಾಕ ಬಂದೀರೋ?" ಎಂದು ಎದ್ದು ಒಳಗೆ ಹೋದರಂತೆ. ಚಹಾ ಬಸಿಯಲ್ಲೇ ಆರಿತು.

ಹದಿನೈದು ದಿನ ಅಲ್ಲಿಂದ ಸುದ್ದಿಯಿಲ್ಲ. ನಾನು ಮಾವನ ಜೊತೆ ಮಾತು ಬಿಟ್ಟೆ. ಅವನು ಬಂದರೆ ಎದ್ದು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಾಗ, "ನಿನ್ನ ತಮ್ಮಗ ನನಗಿಂತ ಗಿಡ ಹೆಚ್ಚಾದ್ವು" ಅಂದುಬಿಟ್ಟೆ. ಅವ್ವ ಮೊರದಿಂದ ತಲೆ ಎತ್ತಲಿಲ್ಲ.

"ನೀ ಹುಟ್ಟಿದಾಗ ನನಗ ಹಾಲು ಬರಲಿಲ್ಲ," ಅಂದಳು. "ಆಡಿನ ಹಾಲು ಕುಡಸಿ ನಿನ್ನ ಜ್ವಾಪಾನ ಮಾಡಿದ್ವಿ. ಅದಕ್ಕ ಮೊದಲ ನಿಮ್ಮ ಮಾವ ಗಂಗಾವತಿ ಕಡೆ ಕಾಲುವಿ ಕೆಲಸಕ್ಕ ಹೋಗಿದ್ದ. ಅಕ್ಕನ ಹಿತ್ತಲಕ್ಕ ಹೂವಿನ ಬೇಲಿ ಇರಲಿ ಅಂತ ಅಲ್ಲಿಂದ ಒಂದು ಹೊರಿ ಬೇಶರಂ ಕಡ್ಡಿ ತಂದು ತಾನ ಹಚ್ಚಿದ. ಆ ಬ್ಯಾಸಗಿಗೆ ಬ್ಯಾರೆ ಹಸರು ಎಲ್ಲೂ ಇದ್ದಿಲ್ಲ. ಆಡು ಅದನ್ನ ತಿಂತು. ನಿಲ್ಲಾಕ ಬರದ ಹೊಯ್ದಾಡಿ ಹೊಯ್ದಾಡಿ ಸತ್ತತು. ನೀ ಹಸದು ಅಳತಿದ್ದಿ. ಅವತ್ತಿನಿಂದ ಆರು ತಿಂಗಳ, ದಿನಾ ಮುಂಜಾನೆ ತಳಕಲ್ಲ ಊರಿಂದ ಸೈಕಲ್ ಮ್ಯಾಲ ತಂಬಿಗಿ ಹಾಲು ತಂದ. ಒಂದಿನ ತಪ್ಪಸಲಿಲ್ಲ. ಯಾರೂ ಅವಗ ಏನೂ ಅಂದಿಲ್ಲ. ತನಗ ತಾನ ಅಂದ್ಕೊಂಡ."

ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಒಗೆದು ಮತ್ತೆ ಅಂದಳು. "ಆ ಬೀಗರ ಹಿತ್ತಲದಾಗ ಎರಡು ಆಡು ಕಟ್ಟಿದ್ರಂತ."

ಬೇಲಿಗೆ ಏನು ಹಚ್ಚೀರಿ? ಇಷ್ಟು ವರ್ಷ ಅಣಕಿಸಿ ನಕ್ಕ ಆ ಪ್ರಶ್ನೆ ನೆನೆದು ನನಗೆ ಆವತ್ತು ನಾಚಿಕೆಯಾಯಿತು. ಆದರೂ ಲಗ್ನ ಮುರಿಯಿತಲ್ಲ ಅಂತ ಅಳುವೂ ಬಂತು. ಎರಡನ್ನೂ ಒಟ್ಟಿಗೆ ಮುಗಿಸಿದೆ.

ಅದಾಗಿ ನಾಲ್ಕನೆಯ ದಿನ ಹುಡುಗ ಯಲಬುರ್ಗಾದ ದನದ ದವಾಖಾನೆಗೆ ಬಂದು ನಿಂತರು. ದನ ಇಲ್ಲದೆ ಅಲ್ಲಿಗೆ ಬಂದ ಮೊದಲ ಮನುಷ್ಯ! ಮಾವ ಎಂದಿನಂತೆ ಗುರುತು ಹಿಡಿಯಲಿಲ್ಲ. ಅಲ್ಲಿ ನಡೆದ ಮಾತನ್ನು ಅವರು ಈಗಲೂ ಊಟಕ್ಕೆ ಕೂತಾಗ ನನಗೆ ಹೇಳುತ್ತಾರೆ.

"ಬೇಲಿ ಕಿತ್ತೀನ್ರಿ. ಆಡು ಬಾಯಿ ಹಾಕಿದ್ರೂ ಸಾಯಬಾರದು, ಎಮ್ಮಿ ದಾಟಬಾರದು, ಹೂವು ಇರಬೇಕು ಅಂತಾಳ ನಮ್ಮವ್ವ. ಅಲ್ಲಿ ಏನು ಹಚ್ಚಲಿ?"

"ಕಿತ್ತಿದ್ದು ಎಲ್ಲಿ ಒಗದ್ರಿ?" ಮಾವನ ಮೊದಲ ಪ್ರಶ್ನೆ. ಆ ಕಡೆಯವರೆಲ್ಲ ಕಿತ್ತದ್ದನ್ನು ಕಾಲುವೆಗೆ ಒಗೆಯುವವರೇ. ಅದು ತೇಲಿಕೊಂಡು ಹೋಗಿ ಕೆಳಗಿನ ಊರಿನಲ್ಲಿ ಚಿಗುರುತ್ತಿತ್ತು.

"ಕಾಲುವಿಗೆ ಒಗೀಲಿಲ್ರಿ. ಹಾಸಗಲ್ಲಿನ ಮ್ಯಾಲ ಒಣಗಿಸಿ ಸುಟ್ಟೆ."

ಮಾವ ಔಷಧಿ ಕಲಸುವುದು ಬಿಟ್ಟು ಮೊದಲ ಸಲ ಆ ಹುಡುಗನನ್ನು ಪೂರ್ತಿಯಾಗಿ ನೋಡಿದ. ಮುಖ ಅಲ್ಲ, ಕೈ. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಸಂಜೆಯ ಬಸ್ಸಿಗೇ ನಮ್ಮೂರಿಗೆ ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲು, "ಅಕ್ಕಾ, ಹುಡುಗನ ಕೈ ನೋಡಿದೆ. ಕೊಡೂಣು" ಅಂದ. ಮರುದಿನ ಒಂದು ಹೊರೆ ಮದರಂಗಿ ಕಡ್ಡಿ ಗೋಣಿಚೀಲದಲ್ಲಿ ಸುತ್ತಿ ಗಂಗಾವತಿಯ ಬಸ್ ಹತ್ತಿದ. ಮೂರು ದಿನ ಅಲ್ಲೇ ಉಳಿದು, ಮುನಿಸಿಕೊಂಡ ಬೀಗರ ಕೈಯಲ್ಲೇ ಕೊಡ ಹೊರಿಸಿ, ನಲವತ್ತು ಮಾರು ಬೇಲಿ ಹಚ್ಚಿಸಿ ಬಂದ.

ಎರಡು ವರ್ಷದ ಮೇಲೆ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮಾವ ನನ್ನ ಗಂಡನ ಮನೆಗೆ ಬಂದ. ಕೂಸನ್ನು ನೋಡಲು ಬರುವವರು ಎಲ್ಲಿಗೆ ಹೋಗುತ್ತಾರೆ? ತೊಟ್ಟಿಲ ಹತ್ತಿರ ತಾನೆ! ಮಾವ ನೆಟ್ಟಗೆ ಹಿತ್ತಲಿಗೆ ಹೋದ. ಎದೆಯ ಮಟ್ಟ ಬೆಳೆದ ಮದರಂಗಿಯ ಬೇಲಿಯನ್ನು ಸುತ್ತು ಹಾಕಿ, ಆಡುಗಳ ಕಣ್ಣಿನ ರೆಪ್ಪೆ ಎತ್ತಿ ನೋಡಿ, ನಡೆಸಿ ನೋಡಿ ಬಂದ. ಅವನ ಜೊತೆ ಬಂದಿದ್ದ ಅತ್ತೆ, "ಮುಗೀತ್ರೇನು? ಈಗರ ಕೂಸಿನ ಮಾರಿ ನೋಡ್ರಿ" ಅಂದಳು. ಎಲ್ಲರೂ ನಕ್ಕರು.

ಆಮೇಲೆ ಅವನು ಚೀಲದಿಂದ ಬಟ್ಟೆ ಬಿಗಿದ ತಂಬಿಗೆಯೊಂದನ್ನು ತೆಗೆದು ನನ್ನ ಕೈಗಿಟ್ಟ. ಯಲಬುರ್ಗಾದಿಂದ ಎರಡು ಬಸ್ಸು ಬದಲಿಸಿ, ಬೇಸಿಗೆಯ ಬಿಸಿಲಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದ ಹಾಲು. ನನಗೆ ಹಾಲು ಧಾರಾಳವಾಗಿತ್ತು, ಮನೆಯಲ್ಲಿ ಎರಡು ಆಡು ಇದ್ದವು, ಅವನಿಗೆ ಅದು ಗೊತ್ತಿತ್ತು. ಒಳಗೆ ಹೋಗಿ ಬಟ್ಟೆ ಬಿಚ್ಚಿದೆ. ಹಾಲು ಒಡೆದಿತ್ತು.

ನಾನು ಚೆಲ್ಲಲಿಲ್ಲ. ಬೆಲ್ಲ ಹಾಕಿ ಕಾಯಿಸಿ, ಎಲ್ಲರಿಗಿಂತ ಮೊದಲು ಮಾವನಿಗೆ ಒಂದು ಬಟ್ಟಲು ಕೊಟ್ಟು, ಮಗಳನ್ನು ಅವನ ತೊಡೆಯ ಮೇಲೆ ಮಲಗಿಸಿದೆ. ತಂಬಿಗೆ ಇದ್ದ ಜಾಗದಲ್ಲೇ. ಅವನು ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದ. ಮುಂದೆ ಆ ಮುಖವನ್ನು ಅವನು ಒಂದು ಸಲವೂ ಮರೆಯಲಿಲ್ಲ.