ಕೌದಿ ಹೊಲಿಯಲೊಪ್ಪದ ಯಂತ್ರದ ತಯಾರಕರಿಗೆ

ಮಾನ್ಯ ಅಧ್ಯಕ್ಷ ಮಹಾಶಯರೇ,

ಕೆಂಟಕಿಯ ಗುಡ್ಡಗಳ ಸಂದಿಯಲ್ಲಿರುವ, ತಮ್ಮ ಭೂಪಟದಲ್ಲಿ ಬಹುಶಃ ನೊಣ ಕೂತಷ್ಟೂ ಜಾಗ ಪಡೆಯದ ಲಿಕ್ ಬ್ರಾಂಚ್ ಎಂಬ ಊರಿನಿಂದ ವರ್ಲೀನ್ ಸ್ಟ್ಯಾಂಪರ್ ಎಂಬ ಹೆಂಗಸು ಸಲ್ಲಿಸುವ ಗೌರವಪೂರ್ವಕ ವಂದನೆಗಳು. ತಾವೂ ತಮ್ಮ ಕುಟುಂಬವೂ ತಮ್ಮ ಯಂತ್ರಗಳೂ ಆರೋಗ್ಯದಿಂದ ಇರುವಿರೆಂದು ನಂಬಿದ್ದೇನೆ. ತಮ್ಮ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಷ್ಟು ದೊಡ್ಡ ಕೀರ್ತಿಗೆ ಹೆಸರಿನ ಹಂಗೇಕೆ?

ನನ್ನ ಅತ್ತಿಗೆ ಒಲೀಟಾ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚಿನವರು. ಅವಳ ನೋಟ ನಟ್ಟನಡುವೆ ಮಸುಕಾಗುತ್ತಿದೆ, ಚಳಿಗಾಲ ಕಳೆಯುವುದರೊಳಗೆ ಅಂಚಿನ ಬೆಳಕಷ್ಟೇ ಉಳಿದೀತು ಎಂದು ಡಾಕ್ಟರು ಹೇಳಿದ ದಿನ ಅವಳು ಅಳಲಿಲ್ಲ. ಮನೆಗೆ ಬಂದವಳೇ, ತೀರಿಹೋದ ನನ್ನಣ್ಣ ಹೋಬರ್ಟನ ಬೀರು ತೆರೆದು ಕತ್ತರಿ ಹಿಡಿದಳು. ಗಣಿಗೆ ತೊಡುತ್ತಿದ್ದ ಜೀನ್ಸು, ಬೇಟೆಯ ಕ್ಯಾನ್ವಾಸ್ ಕೋಟು, ಗೀರುಗೀರಾದ ಕಾರ್ಡುರಾಯ್ ಪ್ಯಾಂಟು, ಚರ್ಚಿಗೆಂದೇ ಇಟ್ಟ ನುಣುಪು ಅಂಗಿ, ಎಲ್ಲವೂ ಚೌಕ ಚೌಕವಾದವು.

"ಕಣ್ಣು ಹೋದ್ರೆ ಹೋಗ್ಲಿ ಕಣೇ. ಕೈಗೆ ಗೊತ್ತಾಗೋ ಹಾಗೆ ಒಂದು ಕೌದಿ ಮಾಡ್ಕೋತೀನಿ. ಆಮೇಲೆ ನಿಮ್ಮಣ್ಣನ್ನ ತಡವಿ ತಡವಿ ಓದ್ಕೋತೀನಿ" ಎಂದಳು.

"ಬದುಕಿದ್ದಾಗ್ಲೇ ಅರ್ಥವಾಗದ ಪುಸ್ತಕ ಅದು" ಎಂದು ನಾನು ಗೊಣಗಿದೆ. ಕಣ್ಣೊರೆಸಿಕೊಂಡದ್ದೂ ನಾನೇ.

ಗಂಟು ಬಿದ್ದ ನಮ್ಮ ಬೆರಳುಗಳಿಂದ ಕೈಹೊಲಿಗೆ ಆಗದ ಮಾತಾದ್ದರಿಂದ, ಲೆಕ್ಸಿಂಗ್ಟನ್ನಿನ ತಮ್ಮ ಅರಮನೆಯಂಥ ಅಂಗಡಿಗೆ ಬಂದೆವು. ಅಲ್ಲಿ ಕೋಲ್ಬಿ ಎಂಬ ತಮ್ಮ ಮಾರಾಟಗಾರ, ಹಲ್ಲುಗಳ ಸಾಲನ್ನು ಎಂದೂ ಮುಚ್ಚದ ಸಜ್ಜನ, ನಮ್ಮನ್ನು ನೇರವಾಗಿ ತಮ್ಮ ಪಟ್ಟದ ಯಂತ್ರದ ಮುಂದೆ ನಿಲ್ಲಿಸಿದ. ಅದು ತಾನೇ ಸೂಜಿಗೆ ದಾರ ಪೋಣಿಸುತ್ತಿತ್ತು, ತಾನೇ ದಾರ ಕತ್ತರಿಸುತ್ತಿತ್ತು, ಕೇಳಿದರೆ ಟೋಪಿ ತೊಟ್ಟ ಬಾತುಕೋಳಿಯ ಕಸೂತಿ ಹಾಕುತ್ತಿತ್ತು. "ದಪ್ಪ, ತೆಳು ಎರಡೂ ಬಟ್ಟೆ ಒಟ್ಟಿಗೆ ಹೊಲಿಯುತ್ತಾ ಮಗಾ?" ಎಂದು ಒಲೀಟಾ ಕೇಳಿದ್ದಕ್ಕೆ, "ಇದು ಹೊಲಿಯೋದಲ್ಲ ಮೇಡಂ, ಯೋಚನೆ ಮಾಡುತ್ತೆ!" ಎಂದ. ಅದು ಉತ್ತರವಲ್ಲವೆಂದು ನನಗೆ ಆಗಲೇ ತೋರಬೇಕಿತ್ತು. ಆದರೆ ಬಾತುಕೋಳಿಯ ಟೋಪಿ ತುಂಬ ಚೆನ್ನಾಗಿತ್ತು.

ಮಹಾಶಯರೇ, ತಮ್ಮ ಯಂತ್ರ ಯೋಚಿಸುತ್ತದೆ ಎಂಬುದಕ್ಕೆ ನಾನು ಸಾಕ್ಷಿ. ಕೊಂಡು ಮನೆಗೆ ತಂದು, ಹೋಬರ್ಟನ ಜೀನ್ಸು, ಅದರಡಿ ಹತ್ತಿ, ಹತ್ತಿಯಡಿ ಹಳೆಯ ಹೊದಿಕೆ, ಈ ಮೂರನ್ನೂ ಸೂಜಿಯ ಕೆಳಗಿಟ್ಟ ಕೂಡಲೇ ಅದು ದೀರ್ಘಾಲೋಚನೆಗೆ ಇಳಿದು, ಗಾಜಿನ ಪರದೆಯ ಮೇಲೆ "ದಯವಿಟ್ಟು ಬಟ್ಟೆಯನ್ನು ಮರುಪರಿಶೀಲಿಸಿ" ಎಂದು ಬರೆದು, ಕೊಯ್ಯೋ ಎಂದು ಕೂಗಿ ನಿಂತಿತು. ಒಲೀಟಾಳಿಗೆ ಆ ಅಕ್ಷರ ಕಾಣದು. ಬೆರಳಿಂದ ತಡಕೋಣವೆಂದರೆ, ಕನ್ನಡಿಯಂಥ ಆ ಪರದೆಯಲ್ಲಿ ಎಲ್ಲಿ ಮುಟ್ಟಿದರೂ ನುಣುಪೇ. ಹೊಲಿಗೆ ಉದ್ದ ಮಾಡಲು ಹೋಗಿ ಪರದೆಯನ್ನೇ ಚೀನೀ ಭಾಷೆಗೆ ಬದಲಾಯಿಸಿದಳು. ಹಿಂದಕ್ಕೆ ತರಲು ಹೋಗಿ, ಚರ್ಚಿನ ಅಂಗಿಯ ಚೌಕದ ಮೇಲೆ ಅರ್ಧ ಬಾತುಕೋಳಿ ಮೂಡಿಸಿದಳು. ಅದನ್ನು ನಾನು ಒಂದೊಂದೇ ಎಳೆ ಕಿತ್ತು ತೆಗೆಯುವಾಗ ಅವಳು ಕಿಟಕಿಯ ಕಡೆ ತಿರುಗಿ, "ಬೇಗ ಮಾಡು ವರ್ಲೀನ್, ಬೆಳಕು ಹೋಗ್ತಾ ಇದೆ" ಎಂದಳು. ಆಗಿನ್ನೂ ನಡುಮಧ್ಯಾಹ್ನ.

ತಮ್ಮ ಸಹಾಯವಾಣಿಯ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಯಂತ್ರವನ್ನು ಒಮ್ಮೆ ಚಾಲೂ ಮಾಡಿದ ಮೇಲೆ ವಾಪಸು ಪಡೆಯುವ ಕ್ರಮವಿಲ್ಲವೆಂದೂ, ತೊಂದರೆ ಇರುವುದು ನಮ್ಮ ಬಟ್ಟೆಯಲ್ಲೇ ಎಂದೂ ಅಲ್ಲಿನ ಮಧುರ ಕಂಠ ತಿಳಿಸಿತು. ಆದ್ದರಿಂದ ತಮ್ಮಲ್ಲಿ ಸಣ್ಣ ಪ್ರಾರ್ಥನೆ. ಇನ್ನು ಮುಂದೆ ಗಣಿಯೊಳಗೆ ಇಳಿಯುವವರು ಮಸ್ಲಿನ್ ಬಟ್ಟೆಯನ್ನೇ ತೊಡತಕ್ಕದ್ದೆಂದು ತಾವು ಸರಕಾರಕ್ಕೆ ಬರೆಯಬೇಕು. ಹಾಗೆಯೇ ನನ್ನಣ್ಣನು ಹಿಂದಿನಿಂದ ಜಾರಿಗೆ ಬರುವಂತೆ ತೆಳ್ಳನೆಯ ಬಟ್ಟೆಗಳನ್ನು ತೊಟ್ಟು ಬಾಳಿರತಕ್ಕದ್ದೆಂದು ಆದೇಶಿಸಿ, ಅದರ ಒಂದು ಪ್ರತಿಯನ್ನು ಅವನ ಗೋರಿಯ ಮೇಲೆ ಅಂಟಿಸಲು ಕೋಲ್ಬಿಯನ್ನು ಕಳಿಸಿಕೊಡಬೇಕು.

ತಾವು ಆದೇಶ ಹೊರಡಿಸುವವರೆಗೆ ಕಾಯುವಷ್ಟು ಬೆಳಕು ನಮ್ಮಲ್ಲಿರಲಿಲ್ಲ. ಹೊಳೆಯಾಚೆ ಕುದುರೆಗಳಿಗೆ ಹೊದಿಕೆ ಹೊಲಿದು ಬದುಕಿದ ಪರ್ವಿಸ್ ಕಾಂಬ್ಸ್ ಎಂಬವನು ಕೆಲಸ ನಿಲ್ಲಿಸಿದ್ದಾನೆಂದು ಕೇಳಿ ಅವನ ಕೊಟ್ಟಿಗೆಗೆ ಹೋದೆವು. ಅಲ್ಲಿದ್ದ ಯಂತ್ರ ಎಮ್ಮೆಯ ಬಣ್ಣದ್ದು, ಎಮ್ಮೆಯ ತೂಕದ್ದು. ನೇರ ಹೊಲಿಗೆ ಬಿಟ್ಟು ಬೇರೇನೂ ಬಾರದು. ಈ ಸಲ ಒಲೀಟಾ ಯಾರನ್ನೂ ಏನೂ ಕೇಳಲಿಲ್ಲ. ಸೂಜಿಗೂ ಯಂತ್ರದ ಕಂಬಕ್ಕೂ ನಡುವಿನ ಸಂದಿಯಲ್ಲಿ ತೋಳನ್ನು ಮೊಣಕೈವರೆಗೆ ತೂರಿಸಿ, ಸುತ್ತಿದ ಕೌದಿ ಅಲ್ಲಿ ಹಿಡಿಯುತ್ತದೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕಣ್ಣು ಮುಚ್ಚಿ, ಹೊಲಿಗೆಯ ಉದ್ದ ಬದಲಿಸುವ ಗುಂಡಿ ತಿರುಗಿಸಿದಳು. ಒಂದೊಂದು ಗುರುತಿಗೂ ಅದು ಟಿಕ್, ಟಿಕ್ ಎಂದಿತು.

"ಇದು ಮಾತಾಡುತ್ತೆ ಕಣೇ!" ಎಂದು ಅವಳ ಮುಖ ಅರಳಿತು.

"ಅದಕ್ಕೆ ಸಾವಿರ ಸಲ ಬೈದಿದೀನಮ್ಮಾ, ಒಂದ್ಸಲಾನೂ ಎದುರುತ್ತರ ಕೊಟ್ಟಿಲ್ಲ" ಎಂದ, ಆಗಲೇ ನಮ್ಮ ಪಾಡೆಲ್ಲ ಕೇಳಿದ್ದ ಪರ್ವಿಸ್. "ಇದನ್ನ ತಗೊಂಡ್ಹೋಗಿ, ಬದಲಿಗೆ ನಿಮ್ಮ ಆ ಬಾತುಕೋಳಿ ಯಂತ್ರ ನನ್ನ ಮೊಮ್ಮಗಳಿಗೆ ಕೊಟ್ಬಿಡಿ. ಬಸುರಿ ಹುಡುಗಿ, ಕೂಸಿನ ಬಟ್ಟೆ ಹೊಲೀತಾಳಂತೆ."

ಹೀಗೆ ತಮ್ಮ ಯಂತ್ರ ತನ್ನ ಯೋಗ್ಯತೆಗೆ ತಕ್ಕ ಮನೆ ಸೇರಿತು. ಹತ್ತಿಬಟ್ಟೆಯ ಮೇಲೆ ಅದು ಚಿನ್ನದಂಥ ಕೆಲಸ ಮಾಡುತ್ತದೆಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ನನ್ನಲ್ಲಿದೆ; ಏನು ಹೊಲಿಯುವಿರೆಂದು ಕೇಳಿಯೇ ಮಾರುವಷ್ಟು ಕೋಲ್ಬಿಯಲ್ಲೂ ಇರಲಿ.

ಕೌದಿ ಮುಗಿಯುವ ಮೊದಲೇ ಒಲೀಟಾಳ ನೋಟ ಮುಗಿಯಿತು. ಕೊನೆಯ ಸಾಲುಗಳನ್ನು ಅವಳು ಬೆರಳಿನ ಅಳತೆಯಲ್ಲೇ ಓಡಿಸಿದಳು; ನಾನು ಎದುರು ಕೂತು ಬಟ್ಟೆಯ ಭಾರ ಹೊತ್ತೆ. ಸಾಲುಗಳು ಕೊಂಚ ಸೊಟ್ಟ. ನನ್ನಣ್ಣ ನಡೆಯುತ್ತಿದ್ದುದೂ ಹಾಗೇ. ಅಂಚು ಕಟ್ಟಿದ ದಿನ ಅದನ್ನು ತೊಡೆಯ ಮೇಲೆ ಹರಡಿ ಒಂದೊಂದೇ ಚೌಕ ತಡವುತ್ತ ಹೋದಳು. "ಇದು ಕೋಟು. ಇದು ನಮ್ಮ ಮದುವೆ ಪ್ಯಾಂಟು. ಇದು ಆಸ್ಪತ್ರೆಗೆ ಹೋಗುವಾಗ ಹಾಕಿದ್ದ ಅಂಗಿ" ಎಂದು ಆ ಚೌಕವನ್ನು ಅಂಗೈಯಿಂದ ನೇವರಿಸಿದಳು. ಮೂಲೆಯ ಚೌಕಕ್ಕೆ ಬಂದಾಗ ಮತ್ತೆ ಮತ್ತೆ ತಿಕ್ಕಿ ನೋಡಿ ತಲೆಯೆತ್ತಿದಳು.

"ವರ್ಲೀನ್, ಇದು ಅವನದಲ್ಲ."

ಬಟ್ಟೆ ಸಾಲದೆ ಬಂದಿತ್ತು. ನನ್ನ ಅಡುಗೆಮನೆಯ ಪಾತ್ರೆ ಒರೆಸುವ ಬಟ್ಟೆ ಸೇರಿಸಿದೆ ಎಂದೆ.

"ತೆಗೆಯೇ ಅದನ್ನ! ಆ ಮಹಾರಾಯ ಬದುಕಿದ್ದಷ್ಟು ದಿನಾನೂ ಅದನ್ನ ಮುಟ್ಟಿದೋನಲ್ಲ!" ಎಂದು ಅವಳು ನಕ್ಕಳು. ನಗುತ್ತ ನಗುತ್ತಲೇ ಕೌದಿಯಲ್ಲಿ ಮುಖ ಹುದುಗಿಸಿ, ಬಹಳ ದಿನಗಳಿಂದ ಬಾಕಿಯಿದ್ದ ಅಳುವನ್ನು ಅತ್ತು ಮುಗಿಸಿದಳು. ಆ ಚೌಕವನ್ನು ನಾವು ತೆಗೆಯಲಿಲ್ಲ.

ತಮ್ಮ ವಿಶ್ವಾಸಿ,
ವರ್ಲೀನ್ ಸ್ಟ್ಯಾಂಪರ್

ತಾ.ಕ.: ತಮ್ಮ ಯಂತ್ರ ಬಂದ ರಟ್ಟಿನ ಪೆಟ್ಟಿಗೆಯ ಬಗ್ಗೆ ಮಾತ್ರ ನಮ್ಮದು ಎಳ್ಳಷ್ಟೂ ದೂರಿಲ್ಲ. ಗಟ್ಟಿ, ಬೆಚ್ಚಗೆ, ವಿಶಾಲ. ನಮ್ಮ ನಾಯಿ ಅದರಲ್ಲಿ ಮರಿ ಹಾಕಿದೆ. ಅದನ್ನು ತಯಾರಿಸಿದವರು ಯಾರೆಂದು ತಿಳಿಸಿದರೆ, ಮುಂದಿನ ಹೊಲಿಗೆ ಯಂತ್ರವನ್ನು ಅವರಲ್ಲೇ ಕೊಳ್ಳುತ್ತೇವೆ.