ಡೋಲು ಒಡೆದ ಶನಿವಾರ

ಇಡೀ ಅವಾಂತರಕ್ಕೆ ಮೂಲ, ಬೆಳಗಿನ ಜಾವ ಬಿದ್ದ ನಾಲ್ಕು ಹನಿ ಮಳೆ. ಹಾಪ್ಕಿನ್ಸ್ ಊರಿನ ಕಡಲಗಾಳಿಗೆ ಆ ತೇವವೂ ಸೇರಿ ಸೆವೆರೊ ಮೇಷ್ಟ್ರ ಡೋಲಿನ ಚರ್ಮ ಸಡಿಲವಾಯಿತು. ಬಡಿದರೆ ಒದ್ದೆ ಗೋಣಿಚೀಲ ಬಡಿದ ಸದ್ದು.

ಬೇರೆ ದಿನವಾಗಿದ್ದರೆ ಸೆವೆರೊ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವತ್ತು ಮಕ್ಕಳನ್ನು ಪರೀಕ್ಷಿಸಲು ಫರ್ಮಿನಾ ಅಜ್ಜಿ ಬರುವವರಿದ್ದರು. ಶನಿವಾರಗಳಂದು ಸಮುದಾಯ ಭವನ ಮಕ್ಕಳ ಪಾಠಕ್ಕೋ, ಹೆಂಗಸರ ಬಿಂಗೋ ಆಟಕ್ಕೋ ಎಂದು ತೀರ್ಮಾನಿಸುವವರು ಅವರೇ. ಹದಿನೆಂಟು ವರ್ಷ ಪಟ್ಟಣದಲ್ಲಿ ಗಣಿತ ಕಲಿಸಿಕೊಂಡಿದ್ದ ಸೆವೆರೊ ಎಂಟು ತಿಂಗಳ ಹಿಂದೆ ಊರಿಗೆ ಮರಳಿದ್ದು, ಸಾಯುತ್ತಿದ್ದ ತಾಯಿಗೆ ಕೊಟ್ಟ ಮಾತಿಗಾಗಿ. "ಮಕ್ಕಳಿಗೆ ನಮ್ಮ ಕುಣಿತ, ನಮ್ಮ ಕತೆ ಕಲಿಸು ಮಗನೇ," ಎಂದು ಹಿಲಾರಿಯಾ ಅವನ ಕೈ ಹಿಡಿದಿದ್ದಳು. ಭವನ ಕೈತಪ್ಪಿದರೆ ಆ ಮಾತೂ ತಪ್ಪಿದಂತೆ.

ಸಾಲದ್ದಕ್ಕೆ ಒಳಗೊಳಗೇ ಒಂದು ಅಳುಕು. ಜಂಕುನು ಕುಣಿತದಲ್ಲಿ ಕುಣಿಯುವವರು ಡೋಲಿನ ತಾಳಕ್ಕೆ ಹೆಜ್ಜೆ ಹಾಕುವುದಿಲ್ಲ. ಡೋಲಿನವನೇ ಅವರ ಕಾಲು ನೋಡಿ ಬಡಿಯಬೇಕು. ಅದು ಅವನಿಗೆ ಬಾರದು. ಹಾಗಾಗಿ ಹೆಜ್ಜೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದ. ಎಂಟು ಬಲಕ್ಕೆ, ಎಂಟು ಎಡಕ್ಕೆ. ತಾನೂ ಅಷ್ಟನ್ನೇ ಕಲಿತಿದ್ದ.

"ಬಿಸಿಲಿಗಿಡಪ್ಪಾ," ಎಂದಳು ಬೇಲಿಯಾಚೆಯಿಂದ ಕ್ಲೊಟಿಲ್ಡಾ. ಬಿಂಗೋ ಹೆಂಗಸರಿಗೆ ಅವಳೇ ಮುಖಂಡೆ. ಆಕಾಶದಲ್ಲಿ ಬಿಸಿಲಿನ ಸುಳಿವೇ ಇರಲಿಲ್ಲ.

"ಅವಳ ಮಾತು ಕೇಳ್ಬೇಡ, ಒಲೆ ಪಕ್ಕ ಇಡು," ಎಂದ ಮೀನಿನ ಬುಟ್ಟಿ ಹೊತ್ತು ಬಂದ ಟಿಬುರ್ಸಿಯೊ. "ನಿಮ್ಮಜ್ಜ ಹಾಗೇ ಮಾಡ್ತಿದ್ದ."

"ಎಷ್ಟು ಹೊತ್ತು?"

"ಸಾಕು ಅನ್ಸೋವರೆಗೆ."

ಮರಗೆಣಸಿನ ರೊಟ್ಟಿ ಬೇಯುತ್ತಿದ್ದ ಒಲೆಯ ಪಕ್ಕ ಸೆವೆರೊ ಡೋಲನ್ನಿಟ್ಟ. ಸಾಕೋ ಇನ್ನೂ ಬೇಕೋ ಎಂದು ಅವರಿಬ್ಬರೂ ಜಗಳಕ್ಕೆ ನಿಂತರು. ಬಿಡಿಸಲು ಇವನು ನಡುವೆ ಹೋದ. ಹಿಂದಿನಿಂದ ಫಟ್ ಎಂದಿತು.

ಅಜ್ಜನ ಕಾಲದ ಡೋಲು. ಒಡೆದ ಚರ್ಮದ ಮೇಲೆ ಕೈಯಿಟ್ಟು ಸೆವೆರೊ ನೆಲಕ್ಕೆ ಕುಸಿದ. ತಾಯಿಯನ್ನು ಮಣ್ಣು ಮಾಡಿ ಬಂದ ದಿನವೂ ಅವನಿಗೆ ಇಷ್ಟು ಒಂಟಿತನ ಕಾಡಿರಲಿಲ್ಲ.

"ನಮ್ಮನೇಲಿ ಹಂದಿಕೊಬ್ಬಿನ ಖಾಲಿ ಬಕೆಟ್ ಇದೆ, ತಂದ್ಕೊಡ್ಲಾ?" ಎಂದಳು ಕ್ಲೊಟಿಲ್ಡಾ. ಅವಳಿಗೂ ನಿಜಕ್ಕೂ ಪಾಪ ಎನಿಸಿತ್ತು.

ಮಧ್ಯಾಹ್ನ ಫರ್ಮಿನಾ ಅಜ್ಜಿ ಭವನದೊಳಗೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಬಿಂಗೋ ಹೆಂಗಸರು ಹಿಂದೆ ಸಾಲಾಗಿ ಕಾದಿದ್ದರು. ಸೆವೆರೊ ಪುಸ್ತಕ ತೆರೆದು, "ಸಾವಿರದ ಏಳುನೂರ ತೊಂಬತ್ತೇಳರಲ್ಲಿ ನಮ್ಮವರನ್ನು ಸೇಂಟ್ ವಿನ್ಸೆಂಟ್ ದ್ವೀಪದಿಂದ ಹಡಗಿಗೆ ತುಂಬಿ..." ಎಂದು ಶುರುಮಾಡಿದ.

ಏಳು ವರ್ಷದ ಇಲ್ಸಾಗೆ ತಡೆಯಲಾಗಲಿಲ್ಲ. "ಇಸವಿ ಆಮೇಲೆ ಹೇಳಿ ಮೇಷ್ಟ್ರೇ. ಅಜ್ಜಿಯರು ಮರಗೆಣಸಿನ ಕಡ್ಡಿ ಬಟ್ಟೆಯೊಳಗೆ ಬಚ್ಚಿಟ್ಕೊಂಡ್ರು. ಅವರ ಮೈಬೆವರು ಕುಡಿದೇ ಅದು ಬದುಕ್ತು. ಅದನ್ನೇ ಬಿಟ್ಬಿಟ್ರಲ್ಲ!"

ಇದನ್ನು ಅವನು ಯಾವತ್ತೂ ಕಲಿಸಿರಲಿಲ್ಲ.

ಮಕ್ಕಳು ಮಂಡಿಗೆ ಕವಡೆ ಕಟ್ಟಿ ನಿಂತರು. ಸೆವೆರೊ ಬಕೆಟ್ ಬೋರಲು ಹಾಕಿ ಬಡಿಯತೊಡಗಿದ. ಎಂಟು ಬಲಕ್ಕೆ ಸರಿಯಾಗಿಯೇ ಬಂತು. ಆಮೇಲೆ ಇಲ್ಸಾ ಕಾಲು ಎಳೆದಳು, ತಡೆದಳು, ನೆಗೆದಳು. ಉಳಿದವರೂ ಹಾಗೇ ಮಾಡಿದರು.

"ಎಂಟು ಎಡಕ್ಕೆ! ಎಡಕ್ಕೆ!" ಎಂದು ಸೆವೆರೊ ಪಿಸುಗುಟ್ಟಿದ. ಬಕೆಟ್ ಒಂದು ದಾರಿ, ಕಾಲುಗಳು ಇನ್ನೊಂದು ದಾರಿ ಹಿಡಿದಿದ್ದವು. ಕೊನೆಗೆ ಅವನ ಕೈ ನಿಂತೇಹೋಯಿತು. ಭವನದಲ್ಲಿ ಕವಡೆಗಳ ಸದ್ದಷ್ಟೇ ಉಳಿಯಿತು, ಉಸುಕಿನಿಂದ ಅಲೆ ಹಿಂದೆ ಸರಿಯುವಾಗಿನ ಹಾಗೆ. ಕ್ಲೊಟಿಲ್ಡಾ ಬಿಂಗೋ ಚೀಟಿಯಿಂದಲೇ ಕಣ್ಣೊರೆಸಿಕೊಂಡಳು.

ಕುಣಿತ ಮುಗಿಯಿತು. ಸೆವೆರೊ ಎದ್ದು ನಿಂತ. "ನಾನು ಸೋತೆ ಅಜ್ಜಿ. ಭವನ ಬಿಂಗೋದವರಿಗೇ ಕೊಡಿ. ಅಮ್ಮನ ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ಲ."

ಫರ್ಮಿನಾ ಅಜ್ಜಿ ಕಣ್ಣು ತೆರೆದರು. "ಭವನ ಮಕ್ಕಳಿಗೆ."

"ಆದ್ರೆ ಇದ್ಯಾವುದೂ ನಾನು ಕಲಿಸಿದ್ದಲ್ಲ..."

"ಗೊತ್ತು. ನಿಮ್ಮಮ್ಮ ಗೆಣಸು ತುರೀತಾ ತುರೀತಾ ಎರಡು ವರ್ಷ ಇವರಿಗೆ ಎಲ್ಲಾ ಕಲಿಸಿ ಮುಗಿಸಿಯೇ ಹೋದ್ಲು."

"ಮತ್ತೆ ನನ್ನ ಹತ್ರ ಯಾಕೆ ಮಾತು ತಗೊಂಡ್ಲು?"

"'ಕಲಿಯೋಕೆ ಬಾ ಅಂದ್ರೆ ನನ್ನ ಮಗ ಬರಲ್ಲ, ಮೇಷ್ಟ್ರಲ್ವಾ! ಕಲಿಸೋಕೆ ಬಾ ಅಂದ್ರೆ ಓಡಿ ಬರ್ತಾನೆ' ಅಂದಿದ್ಲು. ಗೊತ್ತಿಲ್ಲದವರ ಹಾಗೆ ಇರಿ ಅಂತ ಮಕ್ಕಳಿಗೂ ಹೇಳಿದ್ಲು. ಇವತ್ತಿನ ಪರೀಕ್ಷೆ ಅವರಿಗಲ್ಲಪ್ಪಾ, ನಿನಗೆ."

ಸೆವೆರೊ ಬಕೆಟ್ ಎತ್ತಿಕೊಂಡ. "ಪಾಸಾದ್ನಾ?"

ಅಜ್ಜಿ ಬಕೆಟನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಮುಂದಿನ ಶನಿವಾರ ಬೇಗ ಬಾ."

ಇಲ್ಸಾ ಅವನ ಬೆರಳು ಹಿಡಿದು ಎಳೆದೊಯ್ದು, ಐದು ವರ್ಷದವರ ಸಾಲಿನ ಕೊನೆಯಲ್ಲಿ ಬಕೆಟ್ ಸಮೇತ ಕೂರಿಸಿದಳು. ಅವನ ಕಣ್ಣು ತುಂಬಿ ಬಂದಿತ್ತು. ತಾಯಿ ಹೋದ ಮೇಲೆ ಮೊದಲ ಸಲ ಅವನು ಎಲ್ಲರೆದುರು ಅತ್ತ, ಅಳುತ್ತಲೇ ಬಡಿದ.

"ಎಣಿಸ್ಬೇಡ ಅಂದ್ನಲ್ಲ! ಕಾಲು ನೋಡು!" ಎಂದು ಇಲ್ಸಾ ಗದರಿದಳು, ಥೇಟ್ ಅವನಮ್ಮ ಹಿಲಾರಿಯಾಳ ದನಿಯಲ್ಲಿ.