ಓಣಿಗಿಂತ ಎರಡು ಇಂಚು ಅಗಲದ ಕಾರು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಶಿಕಾರಿಪುರದಲ್ಲಿ ಹೇಳುವವರಿದ್ದಾರೆ. ನಾನು ಹಾಗೆಲ್ಲ ಹೇಳುವುದಿಲ್ಲ. ಹೇಳುವುದಾದರೆ ಎಷ್ಟು ಕೆಟ್ಟಿದೆ ಎಂದು ಅಡಿ, ಇಂಚುಗಳ ಲೆಕ್ಕದಲ್ಲಿ ಹೇಳಬೇಕಾಗುತ್ತದೆ. ಅಷ್ಟು ಕರಾರುವಾಕ್ಕಾಗಿ ಅಳೆಯಬಲ್ಲವರು ನಮ್ಮ ಮನೆತನದಲ್ಲಿ ಇರುವುದು ಒಬ್ಬರೇ, ಅದೂ ಅವರೇ!

ಮಾವ ಸರ್ವೆ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಜಮೀನು ಅಳೆದವರು. ಈಸೂರಿನಿಂದ ಉಡುತಡಿಯವರೆಗೆ ಅವರು ಚೈನು ಎಳೆಯದ ಬದುವಿಲ್ಲ. ನಿವೃತ್ತರಾದ ಮೇಲೂ ಅಂಗಿಯ ಜೇಬಿನಲ್ಲಿ ಟೇಪು ಇದ್ದೇ ಇರುತ್ತದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗ ಐದು ಅಡಿ ಹತ್ತು ಇಂಚು ಎಂದಿದ್ದೇ ತಡ, ಮಾವ ಎದ್ದು, "ಸ್ವಲ್ಪ ಗ್ವಾಡಿಗೆ ನಿಂತ್ಕೊಳ್ಳಪ್ಪ" ಎಂದರು. ಆ ಪುಣ್ಯಾತ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನಿಂತ. ಮಾವ ಟೇಪು ಹಿಡಿದು, ಐದು ಅಡಿ ಎಂಟೂಕಾಲು ಇಂಚು ಎಂದು ಎಲ್ಲರೆದುರು ಸಾರಿದರು. ಆ ಎಂಟೂಕಾಲಿನ ಜೊತೆಗೇ ನಾನು ದಾವಣಗೆರೆಯಲ್ಲಿ ಸಂಸಾರ ಮಾಡುತ್ತಿದ್ದೇನೆ. ಶಿಕಾರಿಪುರದ ಹೆಸರೆತ್ತಿದರೆ ನನ್ನ ಗಂಡ ಈಗಲೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಮಾವನದು ಇನ್ನೊಂದು ನೇಮವಿದೆ. ಪರರ ಮನೆಯಲ್ಲಿ ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋದ ಸರ್ವೆಯರು ಒಬ್ಬರ ಮನೆಯಲ್ಲಿ ಚಹಾ ಕುಡಿದರೆ ಸಾಕಂತೆ, ಪಕ್ಕದ ಹೊಲದವರು ತಮ್ಮ ಎರಡು ಗುಂಟೆ ಆ ಲೋಟದಲ್ಲೇ ಹೋಯಿತೆಂದು ತಿಳಿಯುತ್ತಾರಂತೆ. ಹಾಗಾಗಿ ನೌಕರಿ ಪೂರ್ತಿ ಮನೆಯ ನೀರು, ಮನೆಯ ಬುತ್ತಿ, ಸಂಜೆಯೊಳಗೆ ವಾಪಸ್. ನೌಕರಿ ಮುಗಿಯಿತು, ನೇಮ ಮುಗಿಯಲಿಲ್ಲ. ಒಡಹುಟ್ಟಿದ ಅಕ್ಕ ನನ್ನ ಅವ್ವ, ಅವಳ ಮನೆಗೂ ಸ್ಟೀಲಿನ ಬಾಟಲಿ ಹಿಡಿದೇ ಬರುತ್ತಾರೆ. ಪರರ ಮನೆಯಲ್ಲಿ ಅವರು ಒಂದು ರಾತ್ರಿ ಮಲಗಿದ್ದನ್ನು ಕಂಡವರಿಲ್ಲ.

ಇಂಥವರು ಹೋದ ವರ್ಷ ಕರೆಂಟಿನ ಕಾರು ತಂದರು.

ಅದನ್ನು ನಿಲ್ಲಿಸಲು ಜಾಗವೆಲ್ಲಿದೆ ಎಂದು ನೀವು ಕೇಳಬಹುದು. ನಾವೆಲ್ಲ ಕೇಳಿದೆವು. ಮಾವನ ಮನೆಯ ಹೊಸ್ತಿಲು ದಾಟಿದರೆ ಓಣಿ, ಓಣಿ ದಾಟಿದರೆ ಎದುರುಮನೆಯ ಹೊಸ್ತಿಲು. ಸೈಕಲ್ಲನ್ನೂ ಗೋಡೆಗೆ ಒರಗಿಸಿಡಬೇಕು. ಓಣಿಯ ಅಗಲ ಐದು ಅಡಿ ನಾಲ್ಕು ಇಂಚು, ಕಾರಿನ ಅಗಲ ಐದು ಅಡಿ ಆರು ಇಂಚು! ಜೀವಮಾನವಿಡೀ ಅಳೆದವರು ಅಳೆಯದೆ ಕಾರು ತಂದರಲ್ಲ ಎಂದು ಅವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ನಾನು ಫೋನಿನಲ್ಲಿ ಕೇಳಿಯೇಬಿಟ್ಟೆ.

"ಅಳತಿ ಗೊತ್ತಿತ್ತವ್ವ," ಎಂದರು ಮಾವ ತಣ್ಣಗೆ. "ಎರಡು ಇಂಚು ಕಮ್ಮಿ ಬೀಳ್ತತಿ ಅಂತ ಗೊತ್ತಿದ್ದೇ ತಂದಿದ್ದು."

ಗೊತ್ತಿಲ್ಲದೆ ತಂದಿದ್ದರೆ ಅಯ್ಯೋ ಪಾಪ ಎನ್ನಬಹುದಿತ್ತು. ಗೊತ್ತಿದ್ದು ತಂದವರಿಗೆ ಏನೆನ್ನುವುದು?

ಬೇಸಿಗೆ ರಜೆಗೆ ಶಿಕಾರಿಪುರಕ್ಕೆ ಹೋದಾಗ ಕಣ್ಣಾರೆ ಕಂಡೆ. ಓಣಿಯ ಬಾಯಲ್ಲಿ, ಟೈಲರ್ ಸಾಹೇಬರ ಅಂಗಡಿಯ ಮಗ್ಗುಲಲ್ಲಿ ಬಿಳಿ ಕಾರು ನಿಂತಿದೆ. ಬಾನೆಟ್ಟಿನ ಮೇಲೆ ಪಂಚೆ ಹಾಸಿ ಯಾರೋ ಸಂಡಿಗೆ ಇಟ್ಟಿದ್ದಾರೆ. ಒಳಗೆ ಮುಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಮಾವನ ಹೆಂಡತಿ, ನಮ್ಮತ್ತೆ, ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾರೆ! ಡ್ರೈವರ್ ಸೀಟಿನಲ್ಲಿ ಮಾವ, ಕಣ್ಣು ಕೈಗಡಿಯಾರದ ಮೇಲೆ. ಕಾರು ಮಾತ್ರ ನಿಂತಲ್ಲೇ ನಿಂತಿದೆ. ನಾನು ಬ್ಯಾಗು ಹಿಡಿದುಕೊಂಡೇ ಗಾಜು ತಟ್ಟಿದೆ.

"ಇದೇನತ್ತಿ?" ಎಂದೆ.

"ನಿಮ್ಮ ಮಾವಾರು ದಿನಾ ಕೂರು ಅಂತಾರೆ, ಕೂರ್ತೀನಿ," ಎಂದರು ಅತ್ತೆ ಗಾಜು ಇಳಿಸಿ. "ಮೊದಲು ಐದು ನಿಮಿಷ ಆಗಿತ್ತು. ಈಗ ಒಂದು ತಾಸಾತು. ಸುಮ್ನೆ ಕೂರೋ ಬದಲು ಸೊಪ್ಪಾದ್ರೂ ಆಗ್ಲಿ."

ಸಂಡಿಗೆಯ ಕಥೆ ಮನೆಯೊಳಗೆ ಹೋದ ಮೇಲೆ ತಿಳಿಯಿತು. ಕಾರು ಚಾರ್ಜು ಮಾಡಲು ದೊಡ್ಡ ಪ್ಲಗ್ಗು ಬೇಕು. ಮಾವನ ಮನೆಯಲ್ಲಿ ಅಂಥದ್ದಿರುವುದು ಒಂದೇ, ಬಚ್ಚಲಮನೆಯಲ್ಲಿ, ನೀರು ಕಾಯಿಸುವ ಗೀಜರಿಗೆ. ಬಚ್ಚಲಮನೆಯಿಂದ ಕಾರಿಗೆ ಅರವತ್ತಮೂರು ಹೆಜ್ಜೆ, ನಡುವೆ ನಾಲ್ಕು ಮನೆ. ಟೈಲರ್ ಸಾಹೇಬರು ಸರಳ ದಾರಿ ತೋರಿಸಿದ್ದರು. "ಗಾಡಿ ನನ್ನ ಅಂಗಡಿ ಮುಂದೇ ನಿಲ್ಲತೈತಿ. ನನ್ನ ಇಸ್ತ್ರಿ ಪ್ಲಗ್ಗಿಗೇ ಹಾಕಿಬಿಡ್ರಿ ಸಾಹೇಬ್ರೆ. ಊರ ತುಂಬ ವೈರ್ ಯಾಕೆ?"

"ಇನ್ನೊಬ್ರ ಮನಿ ನೀರೇ ಕುಡಿಯಲ್ಲ ನಾನು," ಎಂದರಂತೆ ಮಾವ. "ಕರೆಂಟ್ ಕುಡಿಸ್ತೀನೇನ್ರೀ?"

ಎಲೆಕ್ಟ್ರಿಷಿಯನ್ನನ್ನು ಕರೆಸಿ, ದಪ್ಪ ಕೇಬಲ್ಲನ್ನು ಪೈಪಿನೊಳಗೆ ತೂರಿಸಿ, ನಾಲ್ಕು ಮನೆಗಳ ಸೂರಿನಡಿಯಲ್ಲಿ ಎಳೆಸುವುದೆಂದಾಯಿತು. ಹೀಗೆ ಎಳೆಯಲು ಅಕ್ಕಪಕ್ಕದವರು ಹೂಂ ಅಂದರೆ ಸಾಲದೇ? ಮಾವನಿಗೆ ಸಾಲದು. ಪೂರ್ವಕ್ಕೆ ಯಾರ ಗೋಡೆ, ಪಶ್ಚಿಮಕ್ಕೆ ಯಾರ ಮೋರಿ ಎಂದು ಚಕ್ಕುಬಂದಿ ಹಾಕಿ ನಕ್ಷೆ ಬರೆದರು, ಪಂಚನಾಮೆ ಬರೆದರು. ಅದರ ಪ್ರತಿಯನ್ನು ನಾನೇ ಓದಿದ್ದೇನೆ. "ಸದರಿ ವೈರು ಸದರಿ ಬಚ್ಚಲಮನೆಯ ಕಿಟಕಿಯಿಂದ ಹೊರಟು, ಯಾರ ಹಕ್ಕಿಗೂ ಬಾಧಕವಿಲ್ಲದಂತೆ ಪೂರ್ವಾಭಿಮುಖವಾಗಿ ಸಾಗಿ..." ಓದುತ್ತ ಹೋದರೆ ಅದು ವೈರೋ ತುಂಗಾ ನಾಲೆಯೋ ಎಂದು ಅನುಮಾನ ಬರುತ್ತದೆ!

ಎಲ್ಲರೂ ಸಹಿ ಹಾಕಿದರು. ಎದುರುಮನೆ ಅಜ್ಜಿ ಮಾತ್ರ ಹೆಬ್ಬೆಟ್ಟು ಮುಚ್ಚಿಕೊಂಡು ಕೂತರು.

"ಪೈಪಿನ ಮ್ಯಾಲೆ ನನ್ನ ಸೀರಿ ಒಣಗಾಕ್ಬೋದೇನು?"

"ಆಗಂಗಿಲ್ಲಜ್ಜಿ. ಅದರಾಗ ಕರೆಂಟ್ ಹರೀತತಿ."

"ಹಂಗಾರೆ ನನ್ನ ಹೆಬ್ಬೆಟ್ಟೂ ಹರಿಯಂಗಿಲ್ಲ."

ಮೂರು ದಿನ ಮಾತುಕತೆ ನಡೆದು, "ಬಾನೆಟ್ಟಿನ ಮೇಲೆ ಸಂಡಿಗೆ, ಹಪ್ಪಳ ಒಣಗಿಸಲು ಅಭ್ಯಂತರವಿಲ್ಲ, ಆದರೆ ಚಾರ್ಜು ಮಾಡುವ ಬಾಯಿಯ ಕಡೆ ಒಂದು ಅಡಿ ಬಿಡತಕ್ಕದ್ದು" ಎಂಬ ಸಾಲು ಸೇರಿದ ಮೇಲೆ ಹೆಬ್ಬೆಟ್ಟು ಬಿತ್ತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರಬೇಕು. ಮರುದಿನ ಬೆಳಿಗ್ಗೆ ಅತ್ತೆ ನನ್ನ ತಲೆಗೆ ಹರಳೆಣ್ಣೆ ತಟ್ಟಿದರು. ಎಣ್ಣೆ ಕಿವಿಗೆ ಇಳಿಯುವಷ್ಟು ತಟ್ಟಿದರು. ಬಚ್ಚಲಿಗೆ ಹೋಗಿ ನೋಡುತ್ತೇನೆ, ಗೀಜರಿನ ಪ್ಲಗ್ಗು ಮೊಳೆಗೆ ನೇತಾಡುತ್ತಿದೆ, ಅದರ ಜಾಗದಲ್ಲಿ ಕಾರಿನ ಪ್ಲಗ್ಗು ಕೂತಿದೆ. ಗೋಡೆಗೆ ಚೀಟಿ ಬೇರೆ: "ಇಂದು ಕಾರಿನ ಸರದಿ." ಹರಳೆಣ್ಣೆ ಹಚ್ಚಿಕೊಂಡವಳು ತಣ್ಣೀರು ಸುರಿದುಕೊಳ್ಳುವುದು ಹೇಗೆ? ನನ್ನ ಬ್ಯಾಗಿನಲ್ಲಿ ಎರಡು ಪ್ಲಗ್ಗು ಹಿಡಿಸುವ ಸಣ್ಣ ಡಬ್ಬಿಯೊಂದಿತ್ತು. ಕಾರಿಗೂ ಅನ್ಯಾಯವಾಗಬಾರದು, ನನಗೂ ಆಗಬಾರದು ಎಂದುಕೊಂಡು ಎರಡನ್ನೂ ಅದಕ್ಕೇ ಚುಚ್ಚಿದೆ.

ನೀರು ಉಗುರುಬೆಚ್ಚಗಾಗುವುದರೊಳಗೆ ಸುಟ್ಟ ವಾಸನೆ ಬಂತು. ಗೋಡೆಯ ಬೋರ್ಡು ಕರ್ರಗಾಗಿ ಕರಗಿ ಇಳಿಯುತ್ತಿತ್ತು. ಪಟ್ ಎಂದು ಮನೆಯ ಕರೆಂಟೆಲ್ಲ ಹೋಯಿತು. ನಾನು ಎಣ್ಣೆ ತಲೆಯಲ್ಲೇ ಹೊರಗೋಡಿ ಬಂದೆ.

ಮಾವ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬೋರ್ಡು ನೋಡಿದರು, ನನ್ನನ್ನು ನೋಡಿದರು, ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟರು. ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದರೆ ಅವನು ಮದುವೆಗೆಂದು ಊರು ಬಿಟ್ಟಿದ್ದ, ಬರುವುದು ಮೂರು ದಿನಕ್ಕೆ.

"ಮೂರು ದಿನ ತಾನೇ ಮಾವ, ಆಮೇಲೆ ಮಾಡಿದ್ರಾತು," ಎಂದೆ.

"ಹದಿನಾಲ್ಕು ಪರ್ಸೆಂಟ್ ಐತಿ," ಎಂದರು. "ನಾಳೆ ನಿಮ್ಮತ್ತೀನ ಅವರಕ್ಕನ ಊರಿಗೆ ಕರ್ಕೊಂಡು ಹೋಗ್ಬೇಕಿತ್ತು. ಬರ್ತೀನಿ ಅಂತ ಮೊದಲನೇ ಸಲ ಒಪ್ಯಾಳ. ನಾಳೆ ತಪ್ಪಿದ್ರೆ ಮತ್ತೆ ಒಪ್ಪಂಗಿಲ್ಲ."

ಆಗ ನಾನು ಸುಟ್ಟಿದ್ದು ಬರೀ ಬೋರ್ಡನ್ನಲ್ಲ ಎಂದು ತಿಳಿಯಿತು. ಅತ್ತೆಗೆ ಡೀಸೆಲ್ಲಿನ ವಾಸನೆ ಆಗದು. ಬಸ್ಸು ಸ್ಟಾರ್ಟ್ ಆದರೆ ಸಾಕು, ಹೊಟ್ಟೆ ತೊಳಸಿ ವಾಂತಿ. ಪೆಟ್ರೋಲಿನ ಕಾರಾದರೂ ಅಷ್ಟೇ. ಅವರ ಅಕ್ಕ ಇರುವುದು ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯಿಂದ ಒಳಗೆ. ಹನ್ನೊಂದು ವರ್ಷದ ಕೆಳಗೆ ಅಲ್ಲಿಯೇ ಇದ್ದ ಅತ್ತೆಯ ಅವ್ವ ತೀರಿಕೊಂಡ ಸುದ್ದಿ ಬಂದಾಗ ಮಾವ ಅತ್ತೆಯನ್ನು ಬಸ್ಸು ಹತ್ತಿಸಿದ್ದರು. ದಾರಿಯುದ್ದಕ್ಕೂ ವಾಂತಿಯಾಗಿ ಅತ್ತೆ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಎಚ್ಚರ ತಪ್ಪಿ ಬಿದ್ದರು. ಚೇತರಿಸಿಕೊಂಡು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆತ್ತವ್ವನ ಮಣ್ಣಿಗೆ ಅತ್ತೆ ಸಿಗಲಿಲ್ಲ. ಅಂದಿನಿಂದ ಅವರು ಯಾವ ವಾಹನವನ್ನೂ ಹತ್ತಲಿಲ್ಲ. ಅಕ್ಕ ಸೊಂಟ ಮುರಿದುಕೊಂಡು ಮನೆ ಹಿಡಿದ ಮೇಲೆ ಇಬ್ಬರಿಗೂ ಫೋನೊಂದೇ ಗತಿಯಾಗಿತ್ತು.

ಹೊಗೆಯಿಲ್ಲದ, ವಾಸನೆಯಿಲ್ಲದ ಕಾರು. ನಿಂತ ಕಾರಿನಲ್ಲಿ ಐದು ನಿಮಿಷ, ಹತ್ತು ನಿಮಿಷ, ಒಂದು ತಾಸು. ಅದನ್ನೆಲ್ಲ ನೋಡಿ ನಾನು ನಕ್ಕಿದ್ದೆ, ಊರೂ ನಕ್ಕಿತ್ತು. ಎಣ್ಣೆ ಕೂದಲು ಹಿಡಿದುಕೊಂಡು ನಾಚಿಕೆಯಿಂದ ನಿಂತೆ.

ಮಾವ ಎದ್ದರು. ಚಪ್ಪಲಿ ಮೆಟ್ಟಿ ಅರವತ್ತಮೂರು ಹೆಜ್ಜೆ ನಡೆದು ಟೈಲರ್ ಸಾಹೇಬರ ಅಂಗಡಿಯ ಮುಂದೆ ನಿಂತರು. ಹಿಂದೆಯೇ ನಾನೂ ಹೋದೆ. ಮಾವ ಜೇಬಿನ ಟೇಪು ಹೊರತೆಗೆದು ಮತ್ತೆ ಜೇಬಿಗೇ ಇಟ್ಟರು. ಅಂಗಡಿಯೊಳಗೆ ಮದುವೆ ಸೀಜನ್ನಿನ ಬಟ್ಟೆ ಇಸ್ತ್ರಿಗಾಗಿ ರಾಶಿ ಬಿದ್ದಿತ್ತು. ಸಾಹೇಬರು ಮಾವನ ಮುಖ ನೋಡಿದರು, ಕಾರಿನ ಕಡೆ ನೋಡಿದರು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು ಬದಿಗಿಟ್ಟರು.

"ತರ್ರಿ ವೈರ್," ಎಂದರು.

"ನಿಮ್ಮ ಕೆಲಸ?"

"ಮದುಮಗ ಒಂದು ದಿನ ತಡ ಆಗಿ ಹಾಕ್ಕೊಂತಾನೆ ಬಿಡ್ರಿ. ಅಕ್ಕ ತಂಗಿ ಮಕ ನೋಡ್ಲಿ."

ಅಂದರೆ ಈ ಓಣಿಯಲ್ಲಿ ಕಾರಿನ ಗುಟ್ಟು ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ! ಅಜ್ಜಿ ಕೂಡ ಬಂದು ಯಾರೂ ಹೇಳದೆಯೇ ಸಂಡಿಗೆಯ ಪಂಚೆ ಎತ್ತಿಕೊಂಡು ಹೋದರು. ಸಂಜೆಯ ಹೊತ್ತಿಗೆ ಕಾರು ತೊಂಬತ್ತಾರಕ್ಕೆ ಏರಿತ್ತು. ಮಾವ ಮನೆಗೆ ಬಂದು ಪಂಚನಾಮೆಯ ಕೊನೆಗೆ, "ಸದರಿ ದಿನ ಟೈಲರ್ ಸಾಹೇಬರ ಪ್ಲಗ್ಗು ಬಳಸಿದ್ದು ನಿಜ" ಎಂದು ಬರೆದು ತಾವೇ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಹೊರಟೆವು. ಅತ್ತೆಯ ಮಡಿಲಲ್ಲಿ ಆರು ಪ್ಲಾಸ್ಟಿಕ್ ಕವರು, ಮುಷ್ಟಿಯಲ್ಲಿ ಗೀರಿ ಮೂಸಲು ಒಂದು ನಿಂಬೆಹಣ್ಣು. ಬಾಗಿಲು ಹಾಕಿದ್ದೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅರವತ್ತಮೂರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತ ಮಾವ ಮುಳ್ಳು ನಲವತ್ತರ ಆಚೆ ಹೋಗದಂತೆ ನಡೆಸುತ್ತಿದ್ದರು. ಮೆಕ್ಕೆಜೋಳದ ಟ್ರ್ಯಾಕ್ಟರೊಂದು ಹಾರನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಉಡುತಡಿ ದಾರಿಯ ಕಮಾನು ಹತ್ತಿರ ಬಂದಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಏನ್ರೀ, ಇನ್ನಾ ಚಾಲು ಆಗ್ಲಿಲ್ಲೇನು ಇದು?"

"ಕಣ್ಣು ಬಿಟ್ಟು ನೋಡು," ಎಂದರು ಮಾವ.

ಅತ್ತೆ ಕಣ್ಣು ಬಿಟ್ಟರು. ಆಮೇಲೆ ಮುಚ್ಚಲಿಲ್ಲ. ಆ ಮರ ಇನ್ನೂ ಐತಲ್ಲ, ಆ ಹೋಟ್ಲು ಯಾವಾಗ ಆತು ಎಂದು ಆನವಟ್ಟಿಯವರೆಗೂ ಮಾತಾಡುತ್ತಲೇ ಬಂದರು. ಮಾವ ರಸ್ತೆ ನೋಡುತ್ತಿದ್ದರು, ನಡುನಡುವೆ ಮೂಗು ಎಳೆದುಕೊಳ್ಳುತ್ತಿದ್ದರು.

ಅತ್ತೆಯ ಅಕ್ಕ, ನಾನು ದೊಡ್ಡಮ್ಮ ಎನ್ನುವವರು, ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಏಳಲಾಗದು, ಎರಡೂ ಕೈ ಚಾಚಿದರು. ಅತ್ತೆ ಹೋಗಿ ಅವರ ತೊಡೆಯ ಮೇಲೆ ಮುಖವಿಟ್ಟರು. ನಿಂಬೆಹಣ್ಣು ಉರುಳಿ ನನ್ನ ಕಾಲ ಬಳಿ ಬಂತು. ಅದಕ್ಕೆ ಒಂದು ಉಗುರಿನ ಗುರುತೂ ಬಿದ್ದಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕಣ್ಣೊರೆಸಿಕೊಂಡು ಅಕ್ಕನಿಗೆ ಮೆಲ್ಲಗೆ ಹೇಳುತ್ತಿದ್ದರು. "ಸಂಜಿ ಒಳಗ ಹೋಗ್ಬೇಕಕ್ಕ. ಇವರ ನೇಮ ನಿಂಗೊತ್ತಲ್ಲ."

ದೊಡ್ಡಮ್ಮ ಮಾವನ ಕಡೆ ತಿರುಗಿದರು. "ಇವತ್ತೇ ವಾಪಸ್ ಹೋಗ್ತೀರೇನ್ರೀ?"

ಮಾವ ಕಾರಿನ ಬಾಗಿಲು ಹಿಡಿದು ನಿಂತಿದ್ದರು. "ಹೋಗಾಕೆ ಎಲ್ಲಿ ಆಗ್ತತಿ ಅಕ್ಕಾರೆ," ಎಂದರು. "ಚಾರ್ಜು ಪೂರ್ತಿ ಇಳಿದತಿ. ಹಳ್ಳಿ ವೋಲ್ಟೇಜು ಬೇರೆ. ಕಮ್ಮಿ ಅಂದ್ರೂ ಮೂರು ದಿನ ಬೇಕಾಗ್ತತಿ."

ನಾನು ಅವರ ಭುಜದ ಪಕ್ಕದಿಂದ ಕಾರಿನ ಪರದೆ ನೋಡಿದೆ. ಎಪ್ಪತ್ತೊಂದು ಪರ್ಸೆಂಟ್! ಮೂವತ್ನಾಲ್ಕು ವರ್ಷದಲ್ಲಿ ಯಾರಿಗಾಗಿಯೂ ಅರ್ಧ ಇಂಚು ಆಚೀಚೆ ಬರೆಯದವರು, ನನ್ನ ಗಂಡನಿಗೆ ಒಂದೂಮುಕ್ಕಾಲು ಇಂಚು ದಾನ ಕೊಡದವರು! ನನ್ನ ಬಾಯಿ ತೆರೆದೇ ಹೋಯಿತು. ಮಾವ ನನ್ನನ್ನು ಒಮ್ಮೆ ನೋಡಿದರು. ತೆರೆದ ಬಾಯಿ ಮುಚ್ಚಿಕೊಂಡೆ. ಅವರು ಕಾರಿನೊಳಗೆ ಕೈ ಹಾಕಿ ಪರದೆ ಆರಿಸಿದರು.

"ಮೂರು ದಿನ," ಎಂದರು ದೊಡ್ಡಮ್ಮ ತಂಗಿಯ ಕೈ ಹಿಡಿದು. "ಮೂರು ದಿನ ಇರ್ತೀಯೇನೇ?"

ಅತ್ತೆ ಗಂಡನ ಕಡೆ ನೋಡಿದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವ ಜಗಲಿಯ ಮೇಲೆ ಹೋಗಿ ಕೂತರು. ಸ್ಟೀಲಿನ ಬಾಟಲಿ ಕಾರಿನಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೇ. ತಂದುಕೊಡಲೇ ಎಂದು ಸನ್ನೆ ಮಾಡಿದೆ, ಬೇಡವೆಂದು ತಲೆಯಾಡಿಸಿದರು.

"ಅಕ್ಕಾರೆ," ಎಂದರು, "ಒಂದು ಲೋಟ ನೀರು ಕೊಡ್ರಿ."